ಗುಬ್ಬಿ ವೀರಣ್ಣ

ಗುಬ್ಬಿ ವೀರಣ್ಣ (೧೮೯೧ – ೧೮ ಅಕ್ಟೋಬರ್ ೧೯೭೨) ಕನ್ನಡ ವೃತ್ತಿರಂಗಭೂಮಿಯ ಹೆಸರಾಂತ ಹಾಸ್ಯನಟರು, ನಾಟಕ ಕಂಪನಿಯ ಮಾಲೀಕರು ಹಾಗೂ ಕನ್ನಡ ಚಲನಚಿತ್ರದ ಆರಂಭಕಾಲದ ನಿರ್ಮಾಪಕರು. ಗುಬ್ಬಿ ಶ್ರೀ ಚನ್ನಬಸವೇಶ್ವರ ಸ್ವಾಮಿ ಕೃಪಾಪೋಷಿತ ನಾಟಕ ಸಂಘವನ್ನು ೧೯೧೭ರಿಂದ ಅರ್ಧ ಶತಮಾನದ ಆಚೀಚೆ ಮುನ್ನಡೆಸಿದ ಅವರು, ಅದನ್ನು ಗುಬ್ಬಿ ಕಂಪನಿ ಎಂಬ ಒಂದೇ ಮಾತಿನಿಂದ ಜನ ಗುರುತಿಸುವಷ್ಟು ದೊಡ್ಡದಾಗಿ ಬೆಳೆಸಿದರು. ನಟರಾಗಿ ಗಳಿಸಿದ ಕೀರ್ತಿಯಷ್ಟೇ ಮುಖ್ಯವಾದುದು ನಟರನ್ನು ಗುರುತಿಸುವುದರಲ್ಲಿ ಅವರು ತೋರಿದ ದೃಷ್ಟಿ. ಬಿ. ಜಯಮ್ಮ, ಜಿ.ವಿ. ಅಯ್ಯರ್, ರಾಜಕುಮಾರ್, ಬಿ.ವಿ. ಕಾರಂತ ಮೊದಲಾದವರು ತಮ್ಮ ಬದುಕಿನ ಒಂದು ಹಂತದಲ್ಲಿ ಈ ಕಂಪನಿಯ ಅನ್ನ ಉಂಡವರು.

ಜನನ ಮತ್ತು ಬಾಲ್ಯ

ವೀರಣ್ಣನವರು ಇಂದಿನ ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿನ ಗುಳಗಂಜಿಹಳ್ಳಿಯಲ್ಲಿ ಜನಿಸಿದರು. ತಂದೆ ಹಂಪಣ್ಣ, ತಾಯಿ ರುದ್ರಾಂಬೆ. ಗುಬ್ಬಿಯು ಆಗ ವ್ಯಾಪಾರದ ಊರು. ಚನ್ನಬಸವೇಶ್ವರ ಸ್ವಾಮಿಯ ಕ್ಷೇತ್ರವೆಂದೂ ಹೆಸರು ಪಡೆದಿತ್ತು. ಅಲ್ಲಿ ೧೮೮೪ರಲ್ಲಿ ಚಂದಣ್ಣ, ಅಬ್ದುಲ್ ಅಜೀಜ್ ಸಾಹೇಬ್ ಮುಂತಾದ ಆಸಕ್ತರು ಸೇರಿ ಒಂದು ನಾಟಕ ಸಂಘವನ್ನು ಕಟ್ಟಿದ್ದರು.

ಕನ್ನಡ ನಾಡಿನಲ್ಲಿ ವೃತ್ತಿ ನಾಟಕ ತಲೆ ಎತ್ತುತ್ತಿದ್ದ ಕಾಲ ಅದು. ಮುಂಬಯಿಯ ಪಾರ್ಸಿ ಕಂಪನಿಗಳು ಮತ್ತು ಮರಾಠಿ ಮಂಡಳಿಗಳು ದಕ್ಷಿಣಕ್ಕೆ ಬಂದು ಪರದೆ, ಪೋಷಾಕು, ಹಾಡುಗಳಿಂದ ಜನರನ್ನು ಬೆರಗುಗೊಳಿಸಿದ್ದವು. ಮರಾಠಿ ಸಂಗೀತ ನಾಟಕಕ್ಕೆ ರೂಪ ಕೊಟ್ಟ ಅಣ್ಣಾಸಾಹೇಬ ಕಿರ್ಲೋಸ್ಕರರು ಬೆಳಗಾವಿ ಸೀಮೆಯ ಗುರ್ಲಹೊಸೂರಿನವರೇ. ಗದುಗಿನ ಕಡೆ ಶಾಂತಕವಿಗಳು ಕನ್ನಡ ನಾಟಕ ಮಂಡಳಿ ಕಟ್ಟಿದ್ದರು. ಮೈಸೂರಿನಲ್ಲಿ ಅರಮನೆಯ ಆಶ್ರಯದ ನಾಟಕ ಸಭೆಯಿತ್ತು. ಗುಬ್ಬಿಯ ಸಂಘಕ್ಕೆ ಅರಮನೆಯೂ ಇರಲಿಲ್ಲ, ದೊಡ್ಡ ಪಟ್ಟಣವೂ ಇರಲಿಲ್ಲ. ಊರೂರು ತಿರುಗಿ ಟಿಕೆಟಿನ ಹಣದಲ್ಲೇ ಬದುಕಬೇಕಾದ ಸ್ಥಿತಿ ಅದರದು, ಆದ್ದರಿಂದ ಜನ ಮೆಚ್ಚುವ ನಟರು ಇದ್ದರೆ ಮಾತ್ರ ಕಂಪನಿ ಉಳಿಯುತ್ತಿತ್ತು.

ವೀರಣ್ಣನವರು ಸುಮಾರು ಆರು ವರ್ಷದ ಬಾಲಕರಾಗಿದ್ದಾಗ ಈ ಸಂಘವನ್ನು ಸೇರಿದರು. ಶಾಲೆಯ ಓದು ಹೆಚ್ಚು ಸಾಗಲಿಲ್ಲ. ಕಂಪನಿಯೇ ಶಾಲೆಯಾಯಿತು, ಸಂಗೀತ, ಮಾತು, ನಡೆ, ಬಣ್ಣಗಾರಿಕೆ ಎಲ್ಲವನ್ನೂ ಹಿರಿಯರ ನಡುವೆ ಬೆಳೆಯುತ್ತಲೇ ಕಲಿತರು. ಬಾಲಪಾತ್ರಗಳಿಂದ ಆರಂಭಿಸಿ, ಪ್ರಾಯಕ್ಕೆ ಬಂದಂತೆ ಹಾಸ್ಯಪಾತ್ರಗಳಿಗೆ ಬಂದರು. ಗಂಭೀರ ನಾಯಕನಟನಿಗೆ ಬೇಕಾದ ಆಳೆತ್ತರದ ಗಾಯಕನ ಹೆಸರು ಅವರದಾಗಲಿಲ್ಲ. ನಗಿಸುವ ಪಾತ್ರದಲ್ಲಿ ಮಾತ್ರ ಅವರನ್ನು ಮೀರಿಸುವವರು ಇರಲಿಲ್ಲ. ‘ಸದಾರಮೆ’ ನಾಟಕದ ಕಳ್ಳನ ಪಾತ್ರ ಅವರ ಹೆಸರಿನೊಂದಿಗೆ ಬೆಸೆದುಕೊಂಡಿತು.

ಕಂಪನಿಯ ಹೊಣೆ

೧೯೧೭ರಲ್ಲಿ ಕಂಪನಿಯ ಒಡೆತನ ವೀರಣ್ಣನವರ ಕೈಗೆ ಬಂದಿತು. ಆಗ ಅವರಿಗೆ ಇಪ್ಪತ್ತಾರು ವರ್ಷ. ಅದುವರೆಗೆ ಸಂಬಳದ ನಟರಾಗಿದ್ದವರು ಈಗ ಸಂಬಳ ಕೊಡುವವರಾದರು. ಕಂಪನಿಯ ಜನರೆಂದರೆ ಕೇವಲ ನಟರಲ್ಲ. ಹಾರ್ಮೋನಿಯಂ, ಪಿಟೀಲು, ತಬಲಾ ನುಡಿಸುವವರು, ಪರದೆ ಬರೆಯುವವರು, ಬಡಗಿಗಳು, ದರ್ಜಿಗಳು, ಅಡುಗೆಯವರು, ಟಿಕೆಟು ಹರಿಯುವವರು, ಇವರೆಲ್ಲರ ಹೆಂಡಿರು ಮಕ್ಕಳು. ಮೊಕ್ಕಾಂ ಬದಲಾದಾಗ ಈ ಇಡೀ ಸಂಸಾರ ಸಾಮಾನುಗಳೊಡನೆ ಹೊರಡಬೇಕು. ಒಂದು ಊರಿನಲ್ಲಿ ಮಳೆ ಹಿಡಿದು ನಾಟಕ ನಿಂತರೂ ಒಲೆ ನಿಲ್ಲುವಂತಿರಲಿಲ್ಲ.

ವೀರಣ್ಣನವರ ಕಂಪನಿ ಮೈಸೂರು ಸೀಮೆಗೆ ಸೀಮಿತವಾಗಲಿಲ್ಲ. ಆಂಧ್ರ ಮತ್ತು ತಮಿಳು ಪ್ರಾಂತಗಳಲ್ಲೂ ಸಂಚರಿಸಿ, ಆಯಾ ಭಾಷೆಯಲ್ಲೇ ನಾಟಕವಾಡಿತು. ಕರ್ನಾಟಕಾಂಧ್ರ ನಾಟಕ ಸಾರ್ವಭೌಮ ಎಂಬ ಬಿರುದು ಅವರಿಗೆ ಬಂದುದಕ್ಕೆ ಇದೇ ಕಾರಣ. ಭಾಷೆ ಬದಲಾದಾಗ ಅದೇ ನಟರು ಇನ್ನೊಂದು ಭಾಷೆಯ ಮಾತನ್ನು ಒಪ್ಪುವಂತೆ ಆಡಬೇಕಾಗಿತ್ತು. ಎಲ್ಲ ನಟರಿಗೂ ಸಾಧ್ಯವಾಗುವ ಕೆಲಸ ಇದಲ್ಲ.

ಕಲಾವಿದರ ಆಯ್ಕೆ

ಇಂದು ನಾಟಕ ಶಾಲೆಗಳಲ್ಲಿ ಅರ್ಜಿ, ಸಂದರ್ಶನ, ಪರೀಕ್ಷೆಗಳ ಮೂಲಕ ನಡೆಯುವ ಆಯ್ಕೆ ವೃತ್ತಿ ಕಂಪನಿಗಳ ಕಾಲದಲ್ಲಿ ಇರಲಿಲ್ಲ. ಹುಡುಗರು ಸಾಮಾನ್ಯವಾಗಿ ಮೂರು ದಾರಿಗಳಿಂದ ಕಂಪನಿಗೆ ಬರುತ್ತಿದ್ದರು. ನಟರ ಮಕ್ಕಳು ಹುಟ್ಟಿನಿಂದಲೇ ಕಂಪನಿಯವರು. ಬಡತನದ ಮನೆಯ ಹುಡುಗರನ್ನು ಹಿರಿಯರೇ ತಂದು ಬಿಡುತ್ತಿದ್ದರು, ಅಲ್ಲಿ ಎರಡು ಹೊತ್ತಿನ ಊಟವಂತೂ ಖಚಿತವೆಂದು. ಉಳಿದವರು ನಾಟಕದ ಹುಚ್ಚು ಹಿಡಿದು ಮನೆ ಬಿಟ್ಟು ಓಡಿಬಂದವರು. ಕಂಪನಿ ಬಿಡಾರ ಹೂಡಿದ ಊರಿನಲ್ಲಿ ಹಗಲು ಹೊತ್ತು ತಡಿಕೆಯ ಸುತ್ತ ಸುಳಿದಾಡುವ ಹುಡುಗರು ಇರದ ಊರೇ ಇರಲಿಲ್ಲ.

ಬಂದವರನ್ನು ಮೊದಲು ಹಾಡಿಸುತ್ತಿದ್ದರು. ಇದು ಅಲಂಕಾರದ ಮಾತಲ್ಲ. ಧ್ವನಿವರ್ಧಕ ಇಲ್ಲದ ಕಾಲದಲ್ಲಿ ತಗಡಿನ ಅಥವಾ ತಡಿಕೆಯ ಥಿಯೇಟರಿನ ಕೊನೆಯ ಸಾಲಿನಲ್ಲಿ ನೆಲದ ಮೇಲೆ ಕುಳಿತ ಪ್ರೇಕ್ಷಕನಿಗೂ ಹಾಡು ಮುಟ್ಟಬೇಕಿತ್ತು. ಆದ್ದರಿಂದ ಕಂಪನಿಯ ಹಾಡುಗಾರಿಕೆ ಏರು ಶ್ರುತಿಯಲ್ಲಿ ನಡೆಯುತ್ತಿತ್ತು. ಹಾರ್ಮೋನಿಯಂ ಮಾಸ್ತರರು ಶ್ರುತಿ ಕೊಟ್ಟಾಗ ಹುಡುಗ ಅದನ್ನು ಹಿಡಿಯುತ್ತಾನೆಯೇ, ಮೇಲಿನ ಸ್ಥಾಯಿಯಲ್ಲಿ ಕಂಠ ಬಿರಿಯದೆ ನಿಲ್ಲುತ್ತದೆಯೇ, ಒಮ್ಮೆ ಕೇಳಿದ ಮಟ್ಟನ್ನು ಮರಳಿ ಹಾಡಬಲ್ಲನೇ ಎಂಬುದು ಮೊದಲ ಪರೀಕ್ಷೆ. ನಂತರ ಮಾತು. ಅಲ್ಪಪ್ರಾಣ ಮಹಾಪ್ರಾಣಗಳನ್ನು ಬೇರ್ಪಡಿಸಿ ನುಡಿಯದ, ಶಕಾರ ಸಕಾರಗಳನ್ನು ಕಲಸುವ ನಾಲಗೆಯನ್ನು ಪೌರಾಣಿಕ ನಾಟಕದ ಸಂಸ್ಕೃತಭೂಯಿಷ್ಠ ಸಂಭಾಷಣೆಗೆ ತಿದ್ದಬೇಕಿತ್ತು. ಓದು ಬರಹ ಬಾರದಿದ್ದರೂ ನಡೆಯುತ್ತಿತ್ತು. ನೆನಪು ಇಲ್ಲದಿದ್ದರೆ ನಡೆಯುತ್ತಿರಲಿಲ್ಲ. ಒಂದೇ ವಾರದಲ್ಲಿ ಹಲವು ನಾಟಕಗಳು ರಂಗಕ್ಕೆ ಬರುತ್ತಿದ್ದುದರಿಂದ ತನ್ನ ಪಾತ್ರದ ಜೊತೆಗೆ ಪಕ್ಕದವನ ಪಾತ್ರವೂ ಬಾಯಿಗೆ ಬಂದಿರಬೇಕಿತ್ತು. ಒಬ್ಬ ನಟ ಜ್ವರ ಬಂದು ಮಲಗಿದರೆ ಆ ರಾತ್ರಿಯ ಟಿಕೆಟು ಹಣ ಹಿಂದಿರುಗಿಸುವ ಸ್ಥಿತಿ ಬಾರದಂತೆ ಕಾಪಾಡುತ್ತಿದ್ದುದು ಇಂಥ ನೆನಪು.

ಸೇರಿಸಿಕೊಂಡ ಮಾತ್ರಕ್ಕೆ ಹುಡುಗ ನಟನಾಗುತ್ತಿರಲಿಲ್ಲ. ಮೊದಲು ನಾಂದಿಯ ಗುಂಪಿನಲ್ಲಿ ನಿಂತು ಪ್ರಾರ್ಥನೆ ಹಾಡುವ ಬಾಲಗೋಪಾಲ, ಮುಂದೆ ಧ್ರುವ, ಪ್ರಹ್ಲಾದ, ಲೋಹಿತಾಶ್ವ, ಬಾಲಕೃಷ್ಣ. ಹದಿನಾಲ್ಕು ಹದಿನೈದರ ಸುಮಾರಿಗೆ ಕಂಠ ಒಡೆಯುವಾಗ ನಿಜವಾದ ಪರೀಕ್ಷೆ ಬರುತ್ತಿತ್ತು. ಅದುವರೆಗೆ ಜನರ ಕಣ್ಮಣಿಯಾಗಿದ್ದ ಬಾಲನಟ ಒಂದೆರಡು ವರ್ಷ ಯಾವ ಪಾತ್ರಕ್ಕೂ ಸಲ್ಲದವನಾಗುತ್ತಿದ್ದ. ಆ ಅವಧಿಯಲ್ಲಿ ಅವನನ್ನು ಪರದೆ ಎಳೆಯಲು, ಬಣ್ಣ ಅರೆಯಲು, ಪತ್ರ ಬರೆಯಲು ಇಟ್ಟುಕೊಂಡು ಕಾಯುವ ತಾಳ್ಮೆ ಮಾಲೀಕನಿಗೆ ಇದ್ದರೆ ಮಾತ್ರ ಅವನು ಉಳಿಯುತ್ತಿದ್ದ. ತಾವೇ ಬಾಲನಟರಾಗಿ ಬಂದು ಗಾಯಕನಾಯಕನಾಗದೆ ಹಾಸ್ಯಗಾರನಾಗಿ ನೆಲೆ ಕಂಡುಕೊಂಡಿದ್ದ ವೀರಣ್ಣನವರಿಗೆ ಈ ಸಂಕಟ ಹೊಸದಾಗಿರಲಿಲ್ಲ.

ನಂಜನಗೂಡಿನ ಜಿ.ವಿ. ಅಯ್ಯರ್ (೧೯೧೭–೨೦೦೩) ಎಂಟು ವರ್ಷದ ಹುಡುಗನಾಗಿ ಈ ಕಂಪನಿಗೆ ಬಂದವರು. ಅವರು ನಟನೆಯೊಂದಿಗೆ ಚಿತ್ರ ಬರೆಯುವ ಕೆಲಸವನ್ನೂ ಮಾಡಿದರು; ಮುಂದೆ ‘ಹಂಸಗೀತೆ’ (೧೯೭೫) ಮತ್ತು ಸಂಸ್ಕೃತದ ಮೊದಲ ಚಲನಚಿತ್ರ ‘ಆದಿ ಶಂಕರಾಚಾರ್ಯ’ (೧೯೮೩) ನಿರ್ದೇಶಿಸಿದರು. ಕಿವಿ ಸರಿಯಾಗಿ ಕೇಳಿಸದ ಟಿ.ಎನ್. ಬಾಲಕೃಷ್ಣ (೧೯೧೧–೧೯೯೫) ಹಲವು ಕಂಪನಿಗಳ ಜೊತೆಗೆ ಗುಬ್ಬಿ ಕಂಪನಿಯಲ್ಲೂ ದುಡಿದರು. ಶ್ರುತಿ ಹಿಡಿಯುವ ಕಿವಿಯೇ ಮೊದಲ ಅರ್ಹತೆಯಾಗಿದ್ದ ವೃತ್ತಿಯಲ್ಲಿ ಎದುರು ನಟನ ತುಟಿಯ ಚಲನೆ ನೋಡಿ ಮಾತಿಗೆ ಮಾತು ಜೋಡಿಸುವ ನಟನಿಗೂ ಸ್ಥಳ ಸಿಕ್ಕಿತೆಂಬುದು ಗಮನಿಸಬೇಕಾದ ಸಂಗತಿ. ಬರೆದಿಡದ ನಿಯಮಗಳಿಗೆ ಬರೆದಿಡದ ವಿನಾಯಿತಿಗಳೂ ಇದ್ದವು.

ಆರಿಸುವುದಕ್ಕಿಂತ ಕಷ್ಟವಾದುದು ಉಳಿಸಿಕೊಳ್ಳುವುದು. ಹೆಸರು ಮಾಡಿದ ನಟನನ್ನು ಇನ್ನೊಂದು ಕಂಪನಿ ಹೆಚ್ಚು ಸಂಬಳ, ಮುಂಗಡ ಕೊಟ್ಟು ಸೆಳೆಯುವುದು ಆ ಕಾಲದ ಸಾಮಾನ್ಯ ಪದ್ಧತಿ. ನಟ ಹೋದರೆ ಅವನ ಹಾಡುಗಳೂ ಅವನೊಡನೆ ಹೋಗುತ್ತಿದ್ದವು. ಆ ಪಾತ್ರಕ್ಕೆ ಮತ್ತೊಬ್ಬನನ್ನು ಹಾಕಿದಾಗ ಪ್ರೇಕ್ಷಕರು ಹೋಲಿಸಿ ನೋಡದೆ ಬಿಡುತ್ತಿರಲಿಲ್ಲ. ಕಂಪನಿಗಳು ಒಡೆದು ಹೊಸ ಕಂಪನಿಗಳು ಹುಟ್ಟುತ್ತಿದ್ದುದೂ ಹೀಗೆಯೇ. ಗುಬ್ಬಿ ಕಂಪನಿ ದೀರ್ಘಕಾಲ ಬಾಳಿದ್ದಕ್ಕೆ ಒಬ್ಬ ನಟನ ಮೇಲೆ ನಿಲ್ಲದೆ ಸದಾ ಮುಂದಿನವನನ್ನು ಸಿದ್ಧಪಡಿಸಿಕೊಂಡಿದ್ದುದು ಮುಖ್ಯ ಕಾರಣವೆನ್ನಬಹುದು.

ಮಕ್ಕಳ ಶಾಖೆ

ಈ ಅಗತ್ಯದ ಹಿನ್ನೆಲೆಯಲ್ಲಿಯೇ ೧೯೨೦ರ ದಶಕದ ನಡುಭಾಗದಲ್ಲಿ ವೀರಣ್ಣನವರು ಮಕ್ಕಳಿಗಾಗಿಯೇ ಪ್ರತ್ಯೇಕ ನಾಟಕ ಶಾಖೆಯನ್ನು ಆರಂಭಿಸಿದರು. ನಾಯಕ, ಖಳ, ವಿದೂಷಕ, ಸ್ತ್ರೀಪಾತ್ರ ಎಲ್ಲವನ್ನೂ ಮಕ್ಕಳೇ ಮಾಡುವ ಈ ಏರ್ಪಾಡಿನಿಂದ ದೊಡ್ಡವರ ನಾಟಕದಲ್ಲಿ ಒಂದು ಹಾಡಿಗಾಗಿ ಗಂಟೆಗಟ್ಟಲೆ ಕಾಯುತ್ತಿದ್ದ ಹುಡುಗರಿಗೆ ಪೂರ್ಣ ಪಾತ್ರಗಳು ದೊರೆತವು. ಯಾರಲ್ಲಿ ಯಾವ ಶಕ್ತಿ ಇದೆ ಎಂಬುದು ಹತ್ತು ಹನ್ನೆರಡರ ವಯಸ್ಸಿನಲ್ಲೇ ತಿಳಿಯುವಂತಾಯಿತು. ಕಂಪನಿ ಒಂದಕ್ಕಿಂತ ಹೆಚ್ಚು ಶಾಖೆಗಳಾಗಿ ಬೇರೆ ಬೇರೆ ಊರುಗಳಲ್ಲಿ ಏಕಕಾಲಕ್ಕೆ ನಾಟಕವಾಡಲು ಸಾಧ್ಯವಾದುದಕ್ಕೆ ಹೀಗೆ ಬೆಳೆದ ಕಲಾವಿದರ ಬಳಗವೂ ಕಾರಣ.

ಸ್ತ್ರೀಪಾತ್ರಗಳಿಗೆ ಸ್ತ್ರೀಯರು

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಸ್ತ್ರೀಪಾತ್ರಗಳನ್ನು ಗಂಡಸರೇ ಮಾಡುತ್ತಿದ್ದರು. ಮರಾಠಿಯಲ್ಲಿ ಬಾಲಗಂಧರ್ವರು ಸ್ತ್ರೀವೇಷದಿಂದಲೇ ದಂತಕಥೆಯಾದರು. ಮನೆತನದ ಹೆಣ್ಣುಮಕ್ಕಳು ರಂಗಕ್ಕೆ ಬರುವುದು ಅವಮಾನಕರವೆಂಬ ಭಾವನೆ ಬಲವಾಗಿತ್ತು; ಬಂದವರನ್ನು ಸಮಾಜ ಸುಲಭವಾಗಿ ಒಪ್ಪುತ್ತಿರಲಿಲ್ಲ. ಇಂಥ ಸಂದರ್ಭದಲ್ಲಿ ವೀರಣ್ಣನವರು ನಟಿಯರನ್ನು ಕಂಪನಿಗೆ ಸೇರಿಸಿಕೊಂಡರು. ಅವರ ಪತ್ನಿ ಸುಂದರಮ್ಮ ಕಂಪನಿಯ ಮೊದಲ ನಟಿಯರಲ್ಲಿ ಒಬ್ಬರು. ಮುಂದೆ ಮಳವಳ್ಳಿ ಸುಂದರಮ್ಮ, ಬಿ. ಜಯಮ್ಮ ಮೊದಲಾದವರು ಬಂದರು. ಚಿಕ್ಕ ವಯಸ್ಸಿನಲ್ಲಿ ಬಂದ ಜಯಮ್ಮನವರು ಕಂಪನಿಯ ಪ್ರಧಾನ ನಟಿಯಾಗಿ ಬೆಳೆದರು. ಅವರೂ ವೀರಣ್ಣನವರ ಪತ್ನಿಯಾದರು.

ಈ ಬದಲಾವಣೆಗೆ ಬೆಲೆ ತೆತ್ತವರೂ ಇದ್ದರು. ಸ್ತ್ರೀಪಾತ್ರಕ್ಕೆಂದೇ ಕೂದಲು ಬೆಳೆಸಿ, ನಡೆ ನುಡಿ ರೂಢಿಸಿಕೊಂಡ ಪುರುಷನಟರ ಕೌಶಲ ಕ್ರಮೇಣ ಬೇಡವಾಯಿತು. ಮತ್ತೊಂದೆಡೆ, ನಟಿಯರಿಗೆ ಕಂಪನಿಯೇ ಮನೆ, ಕಂಪನಿಯೇ ರಕ್ಷಣೆ. ಮಾಲೀಕನ ಕುಟುಂಬವೇ ರಂಗದ ಮೇಲೆ ನಿಂತಿತ್ತೆಂಬುದು ಹೊಸದಾಗಿ ಸೇರುವ ಹೆಣ್ಣುಮಕ್ಕಳ ಹಿರಿಯರಿಗೆ ಸ್ವಲ್ಪ ಧೈರ್ಯ ಕೊಟ್ಟಿರಬೇಕು.

ಪ್ರಮುಖ ನಾಟಕಗಳು

ಬೆಳ್ಳಾವೆ ನರಹರಿ ಶಾಸ್ತ್ರಿಗಳು ಮೊದಲಾದ ನಾಟಕಕಾರರು ಕಂಪನಿಗಾಗಿ ಬರೆದರು. ‘ಸದಾರಮೆ’, ‘ಕೃಷ್ಣಲೀಲಾ’, ‘ದಶಾವತಾರ’, ‘ಹೇಮರೆಡ್ಡಿ ಮಲ್ಲಮ್ಮ’ ಜನಪ್ರಿಯವಾದವು. ೧೯೩೪ರಲ್ಲಿ ರಂಗಕ್ಕೆ ತಂದ ‘ಕುರುಕ್ಷೇತ್ರ’ ಕಂಪನಿಯ ವೈಭವದ ಶಿಖರವೆಂದು ಹೆಸರಾಯಿತು. ಜೀವಂತ ಆನೆ, ಕುದುರೆಗಳು ಯುದ್ಧರಂಗದ ದೃಶ್ಯಕ್ಕೆ ಬಂದವು. ಪ್ರೇಕ್ಷಕರು ನೆನಪಿಟ್ಟುಕೊಂಡದ್ದು ಆನೆಯನ್ನು. ಆದರೆ ಮಾಲೀಕನ ಕಣ್ಣಿನಿಂದ ನೋಡಿದರೆ ಅದಕ್ಕಿಂತ ದೊಡ್ಡ ಸಾಹಸ ಬೇರೆ ಇತ್ತು. ಪಾಂಡವರು, ಕೌರವರು, ಕೃಷ್ಣ, ದ್ರೌಪದಿ, ಭೀಷ್ಮ, ದ್ರೋಣ, ಕರ್ಣ, ಶಕುನಿ, ಅಭಿಮನ್ಯು ಇಷ್ಟು ಮಂದಿ ಹಾಡಬಲ್ಲ, ಆಳ್ತನದಲ್ಲಿ ಒಪ್ಪುವ ನಟರು ಒಂದೇ ಕಂಪನಿಯಲ್ಲಿ ಒಂದೇ ರಾತ್ರಿ ಸಿಗಬೇಕಾಗಿತ್ತು. ಸಣ್ಣ ಕಂಪನಿಗಳು ಹಾಗಿರಲಿ, ದೊಡ್ಡ ಕಂಪನಿಗಳಿಗೂ ಇದು ಎಟುಕುವ ಕೆಲಸವಾಗಿರಲಿಲ್ಲ.

ಬೆಂಗಳೂರಿನಲ್ಲಿ ಗುಬ್ಬಿ ಥಿಯೇಟರ್ ಎಂಬ ಸ್ವಂತ ರಂಗಮಂದಿರವನ್ನೂ ಅವರು ಕಟ್ಟಿಸಿದರು. ಅದು ಮುಂದೆ ಚಿತ್ರಮಂದಿರವಾಯಿತು.

ಉತ್ತರ ಕರ್ನಾಟಕದಲ್ಲಿ ವೃತ್ತಿನಾಟಕದ ಪರಂಪರೆ ಬೇರೆ ಹಾದಿಯಲ್ಲಿ ಬೆಳೆಯಿತು. ಗದಗ, ಶಿರಹಟ್ಟಿ, ಕೊಣ್ಣೂರು, ಏಣಗಿ ಮುಂತಾದ ಊರುಗಳ ಹೆಸರು ಹೊತ್ತ ಕಂಪನಿಗಳೂ ಕಲಾವಿದರೂ ಅಲ್ಲಿ ಪ್ರಸಿದ್ಧರು. ಹಿಂದೂಸ್ತಾನಿ ಸಂಗೀತದ ಗಾಳಿ ಬಲವಾಗಿದ್ದ ಆ ಭಾಗದಲ್ಲಿ ನಟನ ಹಾಡನ್ನು ಅಳೆಯುವ ಕೋಲೇ ಬೇರೆಯಾಗಿತ್ತು. ೧೯೪೮ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದ ಕಲಬುರಗಿ ಸೀಮೆಯ ಜೇವರ್ಗಿ, ಅಫಜಲಪುರ, ಆಳಂದ ಕಡೆಯ ಹಳ್ಳಿಗಳಲ್ಲಿ ಜಾತ್ರೆಗೆ ನಾಟಕವಾಡಿಸುವ ರೂಢಿ ಇಂದಿಗೂ ಉಳಿದಿದೆ. ಅಲ್ಲಿ ಹಳ್ಳಿಯ ಹವ್ಯಾಸಿ ತಂಡಕ್ಕೆ ಪಾತ್ರ ಹಂಚುವಾಗ ಹಾರ್ಮೋನಿಯಂ ಮಾಸ್ತರರು ಮೊದಲು ಹಾಡಿಸಿ ನೋಡುವುದೂ ಕಂಪನಿ ಕಾಲದಿಂದ ಬಂದ ಕ್ರಮವೇ.

ಚಲನಚಿತ್ರ

ಮೂಕಿ ಚಿತ್ರಗಳ ಕಾಲದಲ್ಲೇ ವೀರಣ್ಣನವರು ಸಿನಿಮಾದತ್ತ ಹೊರಳಿದರು. ಕರ್ನಾಟಕ ಪಿಕ್ಚರ್ಸ್ ಕಾರ್ಪೊರೇಷನ್ ಮೂಲಕ ‘ಹಿಸ್ ಲವ್ ಅಫೇರ್’ (೧೯೩೧), ‘ಹರಿಮಾಯಾ’ (೧೯೩೨) ಮೊದಲಾದ ಮೂಕಿ ಚಿತ್ರಗಳು ತಯಾರಾದವು. ಮೊದಲನೆಯದನ್ನು ಬೆಲ್ಜಿಯಂ ದೇಶದ ರಫಾಯೆಲ್ ಆಲ್ಗೊಯೆಟ್, ಎರಡನೆಯದನ್ನು ವೈ.ವಿ. ರಾವ್ ನಿರ್ದೇಶಿಸಿದರು. ಮಾತಿಲ್ಲದ ಚಿತ್ರಕ್ಕೆ ಹಾಡುವ ಕಂಠ ಬೇಕಿರಲಿಲ್ಲ. ಜಯಮ್ಮನವರು ರಂಗದ ಮೇಲೆ ಹಾಡಿನಿಂದ ಗೆದ್ದವರಾದರೂ ಮೊದಲು ಕ್ಯಾಮೆರಾ ಎದುರಿಸಿದ್ದು ಇಂಥ ಮೌನದಲ್ಲಿ.

ಮಾತಿನ ಚಿತ್ರ ಬಂದ ಮೇಲೆ ೧೯೩೫ರ ‘ಸದಾರಮೆ’ಯಲ್ಲಿ ವೀರಣ್ಣನವರು ತಮ್ಮ ಪ್ರಸಿದ್ಧ ಪಾತ್ರವನ್ನು ತೆರೆಗೆ ತಂದರು. ನಾಯಕಿ ಕೆ. ಅಶ್ವತ್ಥಮ್ಮ. ನಂತರ ‘ಸುಭದ್ರಾ’ (೧೯೪೧), ‘ಜೀವನ ನಾಟಕ’ (೧೯೪೨), ‘ಹೇಮರೆಡ್ಡಿ ಮಲ್ಲಮ್ಮ’ (೧೯೪೫) ಬಂದವು. ಈ ಚಿತ್ರಗಳ ತಾರಾಗಣವನ್ನು ನೋಡಿದರೆ ಅವರು ಕಂಪನಿಯ ಒಳಗಿನವರಿಗೇ ಅಂಟಿಕೊಳ್ಳಲಿಲ್ಲವೆಂಬುದು ಕಾಣುತ್ತದೆ. ‘ಸುಭದ್ರಾ’ ಚಿತ್ರಕ್ಕೆ ಹೊನ್ನಪ್ಪ ಭಾಗವತರ್ ಬಂದರು. ‘ಜೀವನ ನಾಟಕ’ದಲ್ಲಿ ಮರಾಠಿ ಚಿತ್ರರಂಗದಲ್ಲಿ ಹೆಸರು ಮಾಡಿದ್ದ ಹುಬ್ಬಳ್ಳಿ ಕಡೆಯ ಶಾಂತಾ ಹುಬ್ಳೀಕರ್ ಅವರೂ, ಡಿ. ಕೆಂಪರಾಜ ಅರಸ್ ಅವರೂ ಜಯಮ್ಮನವರ ಜೊತೆ ನಟಿಸಿದರು. ಕೆಂಪರಾಜರು ಮುಂದೆ ಮುಖ್ಯಮಂತ್ರಿಯಾದ ಡಿ. ದೇವರಾಜ ಅರಸರ ಸಹೋದರರು.

ಬೇಡರ ಕಣ್ಣಪ್ಪ

೧೯೫೦ರ ದಶಕದ ಆರಂಭದಲ್ಲಿ ಗುಬ್ಬಿ ಕರ್ನಾಟಕ ಫಿಲಂಸ್ ಸಂಸ್ಥೆಯ ಮೂಲಕ ‘ಗುಣಸಾಗರಿ’ (೧೯೫೩) ಬಂದಿತು. ಅದರ ನಿರ್ದೇಶಕರು ಎಚ್.ಎಲ್.ಎನ್. ಸಿಂಹ. ‘ಸಂಸಾರ ನೌಕೆ’ (೧೯೩೬) ಚಿತ್ರದಲ್ಲಿ ಹೊಸಬರನ್ನು ತೆರೆಗೆ ತಂದಿದ್ದ ಸಿಂಹ ಅವರು ಮುಂದಿನ ಚಿತ್ರ ‘ಬೇಡರ ಕಣ್ಣಪ್ಪ’ದ ನಾಯಕ ಪಾತ್ರಕ್ಕೂ ಹೊಸ ಮುಖವನ್ನೇ ಆರಿಸಿದರು.

ಆಯ್ಕೆಯಾದವರು ಸಿಂಗಾನಲ್ಲೂರು ಮುತ್ತುರಾಜ. ಅವರ ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರು ಗುಬ್ಬಿ ಕಂಪನಿಯಲ್ಲಿ ರೌದ್ರಪಾತ್ರಗಳಿಂದ ಹೆಸರಾಗಿದ್ದ ನಟರು. ಮುತ್ತುರಾಜ ಬಾಲ್ಯದಲ್ಲೇ ತಂದೆಯೊಡನೆ ಕಂಪನಿಯ ನೆರಳಿನಲ್ಲಿ ಬೆಳೆದರು, ಎಂ.ವಿ. ಸುಬ್ಬಯ್ಯ ನಾಯ್ಡು ಅವರ ಕಂಪನಿಯಲ್ಲೂ ದುಡಿದರು. ೧೯೫೧ರಲ್ಲಿ ತಂದೆ ತೀರಿಕೊಂಡ ಮೇಲೆ ಸಂಸಾರದ ಭಾರ ಮಕ್ಕಳ ಮೇಲೆ ಬಿದ್ದಿತ್ತು. ಚಿತ್ರ ೧೯೫೪ರಲ್ಲಿ ತೆರೆ ಕಂಡಾಗ ಮುತ್ತುರಾಜ ರಾಜಕುಮಾರ್ ಆಗಿದ್ದರು. ಆ ಹೆಸರು ಸಿಂಹ ಅವರು ಕೊಟ್ಟದ್ದು. ತಿಪಟೂರಿನ ನರಸಿಂಹರಾಜು ಅವರಿಗೂ ಜಿ.ವಿ. ಅಯ್ಯರ್ ಅವರಿಗೂ ಇದೇ ಚಿತ್ರ ದೊಡ್ಡ ತಿರುವು. ನಾಯಕಿ ಪಂಡರಿಬಾಯಿ. ಎರಡನೆಯ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ‘ಬೇಡರ ಕಣ್ಣಪ್ಪ’ ಅರ್ಹತಾ ಪತ್ರ ಪಡೆಯಿತು.

ಈ ಚಿತ್ರದಲ್ಲಿ ರಾಜಕುಮಾರ್ ಅವರಿಗೆ ಹಿನ್ನೆಲೆಯಲ್ಲಿ ಹಾಡಿದವರು ಸಿ.ಎಸ್. ಜಯರಾಮನ್. ಕಂಪನಿಯಲ್ಲಿ ಬೆಳೆದು ಹಾಡುವ ಶಕ್ತಿ ಪಡೆದಿದ್ದ ನಟನಿಗೆ ಮೊದಲ ನಾಯಕಪಾತ್ರದಲ್ಲೇ ಪರರ ಕಂಠ! ಐವತ್ತು ವರ್ಷ ಕಾಲ ಕಂಪನಿಯ ಬಾಗಿಲಲ್ಲಿ ಕೇಳುತ್ತಿದ್ದ ಮೊದಲ ಪ್ರಶ್ನೆ ಸಿನಿಮಾದ ಬಾಗಿಲಲ್ಲಿ ಬೇಕಾಗಿರಲಿಲ್ಲ. ಮುಖ, ನಿಲುವು, ಕಣ್ಣು ಒಪ್ಪಿದರೆ ಕಂಠವನ್ನು ಎರವಲು ತರಬಹುದಿತ್ತು. ರಾಜಕುಮಾರ್ ಅವರು ನಿಯಮಿತವಾಗಿ ಹಾಡತೊಡಗಿ ಗಾಯಕರೆಂದೂ ಜನಮನ್ನಣೆ ಪಡೆದದ್ದು ಇಪ್ಪತ್ತು ವರ್ಷಗಳ ನಂತರ.

ಚಿತ್ರದ ಯಶಸ್ಸು ಕಂಪನಿಗೆ ಒಳ್ಳೆಯದನ್ನು ಮಾತ್ರ ತರಲಿಲ್ಲ. ನಟರಿಗೆ ಮದ್ರಾಸಿನ ಸ್ಟುಡಿಯೋಗಳ ದಾರಿ ತೆರೆಯಿತು. ಹಿಂದೆ ಒಬ್ಬ ನಟ ಕಂಪನಿ ಬಿಟ್ಟರೆ ಇನ್ನೊಂದು ಕಂಪನಿ ಸೇರುತ್ತಿದ್ದ, ಒಂದಲ್ಲ ಒಂದು ದಿನ ಹಿಂದಿರುಗುವ ಸಾಧ್ಯತೆಯಿತ್ತು. ಸಿನಿಮಾಕ್ಕೆ ಹೋದವರು ಸಾಮಾನ್ಯವಾಗಿ ಹಿಂದಿರುಗಲಿಲ್ಲ. ಪ್ರೇಕ್ಷಕರೂ ಅವರ ಹಿಂದೆಯೇ ಹೋದರು. ನಟರನ್ನು ಬೆಳೆಸಿದ ಕಂಪನಿಯ ಮಾಲೀಕರೇ ಚಿತ್ರನಿರ್ಮಾಪಕರೂ ಆಗಿದ್ದುದರಿಂದ, ರಂಗಭೂಮಿಯ ನಷ್ಟಕ್ಕೂ ಸಿನಿಮಾದ ಲಾಭ ನಷ್ಟಕ್ಕೂ ವೀರಣ್ಣನವರು ಒಟ್ಟಿಗೇ ಲೆಕ್ಕ ಕೊಡಬೇಕಾಯಿತು.

ಬಿ.ವಿ. ಕಾರಂತ

ವೀರಣ್ಣನವರ ಕಂಪನಿಗೆ ಓಡಿಬಂದ ಹುಡುಗರಲ್ಲಿ ದಕ್ಷಿಣ ಕನ್ನಡದ ಬಂಟ್ವಾಳ ತಾಲ್ಲೂಕಿನ ಮಂಚಿಯ ಬಿ.ವಿ. ಕಾರಂತ (೧೯೨೯–೨೦೦೨) ಒಬ್ಬರು. ಮನೆ ಬಿಟ್ಟು ಬಂದ ಕಾರಂತರು ಕಂಪನಿಯಲ್ಲಿ ನಟನೆ, ಸಂಗೀತ, ರಂಗದ ಒಳಕೆಲಸಗಳನ್ನು ಕಲಿತರು. ಅವರ ಓದಿನ ಆಸೆಯನ್ನು ಗುರುತಿಸಿದ ವೀರಣ್ಣನವರು ಉನ್ನತ ಶಿಕ್ಷಣಕ್ಕಾಗಿ ಅವರನ್ನು ಕಾಶಿಗೆ ಕಳುಹಿಸಿದರು. ಅಲ್ಲಿ ಕಾರಂತರು ಹಿಂದಿ ಅಧ್ಯಯನದ ಜೊತೆಗೆ ಓಂಕಾರನಾಥ ಠಾಕೂರರಲ್ಲಿ ಹಿಂದೂಸ್ತಾನಿ ಸಂಗೀತ ಕಲಿತರು. ನಂತರ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ೧೯೬೨ರಲ್ಲಿ ಪದವಿ ಪಡೆದರು.

ಕೈಗೆ ಬಂದ ಕಲಾವಿದನನ್ನು ಯಾವ ಮಾಲೀಕನೂ ಸುಲಭವಾಗಿ ಬಿಟ್ಟುಕೊಡದ ಕಾಲದಲ್ಲಿ, ಕಂಪನಿಗೆ ನೇರ ಲಾಭವಿಲ್ಲದ ವಿದ್ಯೆಗೆ ಅವನನ್ನು ಕಳುಹಿಸಿದ್ದು ವೀರಣ್ಣನವರ ಬದುಕಿನ ಅಪರೂಪದ ನಿರ್ಧಾರ. ಕಾರಂತರು ಮರಳಿ ಕಂಪನಿಯ ನಟರಾಗಲಿಲ್ಲ. ೧೯೭೦ರ ದಶಕದಲ್ಲಿ ಆಧುನಿಕ ಕನ್ನಡ ರಂಗಭೂಮಿಗೆ ಅವರು ತಂದ ಹಾಡು, ಮೇಳ, ವೇಗಗಳಲ್ಲಿ ಕಂಪನಿಯ ನಾಟಕದ ಗುರುತು ಕಾಣುತ್ತಿತ್ತು. ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕರಾದ ಅವರು, ೧೯೮೯ರಲ್ಲಿ ಮೈಸೂರಿನ ರಂಗಾಯಣದ ಮೊದಲ ನಿರ್ದೇಶಕರಾಗಿ ಹೊಸ ನಟರ ತಂಡವನ್ನು ಕಟ್ಟಿದರು. ಅಲ್ಲಿಯೂ ನಾಟಕದಲ್ಲಿ ಹಾಡು ಮಾತಿನಷ್ಟೇ ಮುಖ್ಯವಾಗಿತ್ತು.

ಗೌರವಗಳು ಮತ್ತು ಕೊನೆಯ ವರ್ಷಗಳು

ವೀರಣ್ಣನವರಿಗೆ ನಾಟಕರತ್ನ ಮೊದಲಾದ ಬಿರುದುಗಳು ಸಂದವು. ಕೇಂದ್ರ ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿ ದೊರೆಯಿತು. ೧೯೭೨ರಲ್ಲಿ ಭಾರತ ಸರ್ಕಾರ ಪದ್ಮಶ್ರೀ ನೀಡಿ ಗೌರವಿಸಿತು. ಅವರ ಆತ್ಮಕಥೆ ‘ಕಲೆಯೇ ಕಾಯಕ’. ಕಂಪನಿ ನಾಟಕದ ಇತಿಹಾಸವನ್ನು ಬರೆಯುವವರಿಗೆ ಇದು ಮುಖ್ಯ ಆಕರ. ಪದ್ಮಶ್ರೀ ಬಂದ ವರ್ಷದಲ್ಲೇ, ೧೮ ಅಕ್ಟೋಬರ್ ೧೯೭೨ರಂದು ಅವರು ನಿಧನರಾದರು.

ಸ್ಮರಣೆ ಮತ್ತು ಪರಂಪರೆ

ಕರ್ನಾಟಕ ಸರ್ಕಾರ ವೃತ್ತಿರಂಗಭೂಮಿಯ ಸಾಧಕರಿಗೆ ಗುಬ್ಬಿ ವೀರಣ್ಣ ಪ್ರಶಸ್ತಿಯನ್ನು ನೀಡುತ್ತದೆ. ತುಮಕೂರಿನಲ್ಲಿ ಅವರ ಹೆಸರಿನ ಕಲಾಕ್ಷೇತ್ರವಿದೆ. ಮಗ ಜಿ.ವಿ. ಶಿವಾನಂದ, ಮಗಳು ಜಿ.ವಿ. ಮಾಲತಮ್ಮ ರಂಗಭೂಮಿಯಲ್ಲಿ ದುಡಿದರು. ಮಾಲತಮ್ಮನವರ ಮಗಳು ಬಿ. ಜಯಶ್ರೀ ಅಜ್ಜನ ಕಂಪನಿಯ ಮಡಿಲಲ್ಲಿ ಬೆಳೆದು, ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಕಲಿತು, ಸ್ಪಂದನ ತಂಡವನ್ನು ಕಟ್ಟಿದರು. ಅಜ್ಜ ಕಳ್ಳನಾಗಿ ಮೆರೆದ ‘ಸದಾರಮೆ’ಯನ್ನು ಅವರು ಹೊಸ ತಲೆಮಾರಿನ ನಟರೊಡನೆ ಮತ್ತೆ ರಂಗಕ್ಕೆ ತಂದರು.